ಬಾಗಿಸಿದವನೇ ಹೊರಬೇಕು

ರಾಕರ್ ಆರ್ಮ್ ಕೂರಿಸುವುದೆಂದರೆ ನಾಲ್ಕು ಬೋಲ್ಟು ಬಿಗಿಯುವ ಕೆಲಸ ಅಂದುಕೊಂಡವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಥವರು ಬಹಳ ಜನ ಇದ್ದಾರೆ. ಗಾಡಿ ಇಟ್ಟುಕೊಂಡವರಲ್ಲಿ ಮುಕ್ಕಾಲು ಪಾಲು ಅವರೇ. ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ಇಷ್ಟೇ ತಾನೇ ಗುರು, ಬೋಲ್ಟ್ ಹಾಕಿ ಸೆಲ್ಫ್ ಹೊಡೀರಿ" ಅನ್ನುತ್ತಾರೆ. ಹಲ್ಲು ಕೀಳುವ ಡಾಕ್ಟರ ಹತ್ತಿರ ಹೋಗಿ ಹೀಗೆ ಹೇಳುತ್ತಾರಾ ಇವರು? ಅಲ್ಲಿ ಬಾಯಿ ತೆರೆದುಕೊಂಡು ತೆಪ್ಪಗೆ ಮಲಗುತ್ತಾರೆ. ನಮ್ಮ ಹತ್ತಿರ ಬಂದಾಗ ಮಾತ್ರ ಎಲ್ಲರೂ ಮೇಷ್ಟ್ರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅದನ್ನು ಮುಚ್ಚಿಟ್ಟಿಲ್ಲ, ಹೇಳಿಕೊಂಡು ಅತ್ತದ್ದೂ ಇಲ್ಲ. ಕೃಷ್ಣರಾಜಪುರದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂಬದಿಯ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡಿದೆ. ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವುದು ನನ್ನ ಕೆಲಸ. ನಾನು ಕಟ್ಟಿದ ಇಂಜಿನ್ನು ತಕರಾರು ಹೊತ್ತು ವಾಪಸ್ ಬಂದದ್ದು ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿದ್ದಾನೆ ಅಂದುಕೊಳ್ಳುವವರು ಅಂದುಕೊಳ್ಳಲಿ. ಜಂಬವೇ.

ಇಂಜಿನ್ನಿನ ಒಳಗೆ ಏನಾಗುತ್ತದೆ ಅನ್ನುವುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪಾರ್ಕಿನಲ್ಲಿ ಮಕ್ಕಳು ಆ ತುದಿ ಈ ತುದಿ ಕೂತು ಏರಿಳಿಯುವ ಹಲಗೆ ಇರುತ್ತದಲ್ಲ, ರಾಕರ್ ಆರ್ಮ್ ಅಂದರೆ ಅದೇ, ಕಬ್ಬಿಣದ್ದು, ಬೆರಳುದ್ದದ್ದು. ಒಂದು ತುದಿಯನ್ನು ಕೆಳಗಿನಿಂದ ಒಂದು ಕಡ್ಡಿ ಮೇಲೆ ನೂಕುತ್ತದೆ. ಆ ಕಡ್ಡಿಗೆ ಪುಷ್ ರಾಡ್ ಎಂದು ಹೆಸರು, ನಾವು ಬರೀ ರಾಡು ಅನ್ನುತ್ತೇವೆ. ಆಗ ಇನ್ನೊಂದು ತುದಿ ಬಗ್ಗಿ ವಾಲ್ವನ್ನು ಒತ್ತುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಇಂಥ ಎಂಟು. ಎಂಟೂ ರಾಡು ತಮ್ಮ ತಮ್ಮ ಗುಳಿಯಲ್ಲಿ ನೆಟ್ಟಗೆ ಕೂತಿವೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ, ಬುಡ ಕೆಳಗೆ ಕತ್ತಲಲ್ಲಿರುತ್ತದೆ. ಅದಕ್ಕೇ ಬೋಲ್ಟನ್ನು ಸ್ವಲ್ಪ ಬಿಗಿಯಬೇಕು, ಇಂಜಿನ್ನನ್ನು ಕೈಯಲ್ಲಿ ಸ್ವಲ್ಪ ತಿರುಗಿಸಬೇಕು, ಮತ್ತೆ ಸ್ವಲ್ಪ ಬಿಗಿಯಬೇಕು. ಎಲ್ಲ ಬಿಗಿದ ಮೇಲೆ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ ನೋಡಬೇಕು. ಆಮೇಲೇ ಸೆಲ್ಫು. ಒಂದು ರಾಡು ಗುಳಿ ತಪ್ಪಿ ಅಂಚಿನ ಮೇಲೆ ನಿಂತಿದ್ದರೆ ಸೆಲ್ಫ್ ಮೋಟರಿಗೆ ಅದು ತಿಳಿಯುವುದಿಲ್ಲ. ಕೈಗೆ ತಿಳಿಯುತ್ತದೆ.

ಇದನ್ನು ನನಗೆ ಕಲಿಸಿದವರು ಶಿವಾಜಿನಗರದ ಉಸ್ತಾದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ವರ್ಕ್‌ಶಾಪ್ ಇತ್ತು. ಎದುರಿಗೆ ಕುರಿಯ ತಲೆ ಸುಡುವವರ ಒಲೆ, ಗಲ್ಲಿಯ ಆ ತುದಿಯಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಅಂಗಡಿ. ಉಸ್ತಾದರ ಮನೆಮಾತು ದಖನಿ, ಗಿರಾಕಿಗಳೊಂದಿಗೆ ತಮಿಳು, ನನ್ನೊಂದಿಗೆ ಮೂರೂ ಸೇರಿಸಿದ ಕನ್ನಡ. ಇಂಜಿನ್ ತಿರುಗಿಸಲು ಸ್ಪ್ಯಾನರ್ ಕೊಟ್ಟ ಮೊದಲ ದಿನ, "ಹಾತ್ ಸೆ ಸುನ್ ರೇ" ಅಂದರು. ಕೈಯಿಂದ ಕೇಳು. ಕಿವಿ ಇರುವುದು ಗಿರಾಕಿಯ ಬೈಗುಳ ಕೇಳಿಸಿಕೊಳ್ಳಲು ಅನ್ನುವುದು ಅವರ ಅಭಿಪ್ರಾಯ.

ಬಿಗಿಯಲ್ಲಿ ಎರಡು ಥರ ಇವೆ ಎಂದು ಅವರು ಹೇಳುತ್ತಿದ್ದರು. ವಾಲ್ವಿನ ಸ್ಪ್ರಿಂಗಿನದು ಒಂದು ಬಿಗಿ. ನೀನು ಒತ್ತಿದರೆ ಅದೂ ಒತ್ತುತ್ತದೆ, ಸ್ವಲ್ಪ ಜಗಳವಾಡುತ್ತದೆ, ಆಮೇಲೆ ದಾರಿ ಬಿಡುತ್ತದೆ. ಇನ್ನೊಂದು ಗೋಡೆಯ ಬಿಗಿ. ಅದು ಜಗಳವಾಡುವುದಿಲ್ಲ, ಸುಮ್ಮನೆ ನಿಲ್ಲುತ್ತದೆ. ಗೋಡೆ ಸಿಕ್ಕಿದರೆ ಕೈ ತೆಗೆ, ಹಿಂದಕ್ಕೆ ತಿರುಗಿಸು, ಬಿಚ್ಚಿ ನೋಡು. ನೂಕಿದೆಯೋ, ರಾಡು ಬಾಗಿತು.

ರಾಡು ಬಾಗಿದರೆ ಅವರ ಹತ್ತಿರ ಬೈಗುಳವಿರಲಿಲ್ಲ. ಒಂದು ಕಟ್ಟಳೆ ಇತ್ತು. ಬಾಗಿಸಿದವನೇ ಆ ರಾಡನ್ನು ಕೈಯಲ್ಲಿ ಹಿಡಿದು, ಚೀಲಕ್ಕೆ ಹಾಕದೆ, ಜೇಬಿಗೆ ತುರುಕದೆ, ಗಲ್ಲಿಯ ಈ ತುದಿಯಿಂದ ಆ ತುದಿಯ ತನಕ ನಡೆದು ಹೋಗಬೇಕು. ಯಾರಾದರೂ ಕೇಳಿದರೆ "ನಾನೇ ಬಾಗಿಸಿದ್ದು" ಅನ್ನಬೇಕು. ಬಿಡಿಭಾಗದ ಅಂಗಡಿಯವರು ಅದನ್ನು ಗಾಜಿನ ಮೇಲೆ ಉರುಳಿಸಿ ನೋಡಿ ಹೊಸದು ಕೊಡುತ್ತಿದ್ದರು. ಆ ಗಲ್ಲಿಯ ಎಲ್ಲ ವರ್ಕ್‌ಶಾಪಿನವರೂ ಇದನ್ನು ಪಾಲಿಸುತ್ತಿದ್ದರು. ನಾನು ಎರಡು ಸಲ ಹಾಗೆ ನಡೆದಿದ್ದೇನೆ. ತಲೆ ಸುಡುವವರು, ಹೂ ಮಾರುವವರು, ಟೀ ಅಂಗಡಿಯವರು, ಎಲ್ಲರೂ ಕೇಳಿದರು. ಮೂರನೆಯ ಸಲ ನಡೆಯುವ ಹಾಗೆ ಮಾಡಿಕೊಳ್ಳಲಿಲ್ಲ.

ಉಸ್ತಾದರು ತೀರಿಕೊಂಡ ಮೇಲೆ ನಾನೂ ನನ್ನ ಅಣ್ಣನೂ ಕೃಷ್ಣರಾಜಪುರದಲ್ಲಿ ಈ ಶೆಡ್ಡು ಹಾಕಿದೆವು. ನಾವು ಕಟ್ಟುವ ವ್ಯಾನುಗಳ ಇಂಜಿನ್ನು ತಿರುಗಿಸುವ ನಟ್ಟು ಕೆಳಗಿರುತ್ತದೆ, ರಾಕರ್ ಮೇಲಿರುತ್ತದೆ. ಒಬ್ಬ ಗಾಡಿಯ ಕೆಳಗೆ ತೋಡಿದ ಗುಂಡಿಯಲ್ಲಿ ನಿಂತು ತಿರುಗಿಸಬೇಕು, ಇನ್ನೊಬ್ಬ ಮೇಲೆ ಬಗ್ಗಿ ಬಿಗಿಯಬೇಕು. ಅಣ್ಣ ತಿರುಗಿಸುತ್ತಿದ್ದ. ಅವನ ಸೊಂಟದ ಡಿಸ್ಕ್ ಜಾರಿ, ಗುಂಡಿಗೆ ಇಳಿಯಬಾರದು ಎಂದು ಡಾಕ್ಟರು ಹೇಳಿದ ಮೇಲೆ ನಾನು ಒಬ್ಬನೇ ಆದೆ. ಮೇಲೆ ಬಿಗಿದು, ಗುಂಡಿಗೆ ಇಳಿದು ತಿರುಗಿಸಿ, ಮತ್ತೆ ಹತ್ತಿ, ಮತ್ತೆ ಇಳಿದು. ಎರಡು ಗಂಟೆಯ ಕೆಲಸಕ್ಕೆ ಅರ್ಧ ದಿನ.

ಒಂದು ಮಧ್ಯಾಹ್ನ ನನ್ನ ಹೆಂಡತಿ ಊಟದ ಡಬ್ಬಿ ತಂದವಳು ನಾನು ಏಣಿ ಹತ್ತಿ ಇಳಿಯುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಕೆಳಗಡೆ ಏನ್ ಮಾಡ್ಬೇಕು?" ಅಂದಳು.

"ಸ್ಪ್ಯಾನರ್ ಎಳೀಬೇಕು. ನಿಧಾನಕ್ಕೆ."

"ಅಷ್ಟೇನಾ? ಅದಕ್ಯಾಕ್ ಕೋತಿ ಥರ ಮೇಲೆ ಕೆಳಗೆ ಕುಣೀತೀರ. ಸರೀರಿ."

ಅವಳು ಹದಿನಾಲ್ಕು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕಿಂಗ್ ಕೆಲಸ ಮಾಡಿದವಳು. ಶರ್ಟಿನ ಕಾಲರನ್ನು ಹೆಬ್ಬೆರಳಿನ ಕೆಳಗೆ ಓಡಿಸಿ, ಕಣ್ಣು ಬೇರೆಲ್ಲೋ ಇದ್ದರೂ, ಒಂದು ಹೊಲಿಗೆ ತಪ್ಪಿದ್ದನ್ನು ಹಿಡಿಯುತ್ತಿದ್ದಳು. ಫ್ಯಾಕ್ಟರಿಯನ್ನು ಊರಾಚೆಗೆ ಎತ್ತಿಕೊಂಡು ಹೋದಾಗ ಅವಳ ಕೆಲಸವೂ ಹೋಯಿತು. ಆ ಹೆಬ್ಬೆರಳು ಮನೆಯಲ್ಲಿ ಸುಮ್ಮನೆ ಕೂತಿತ್ತು. ನೈಟಿಯ ಮೇಲೆ ನನ್ನ ಹಳೆಯ ಖಾಕಿ ಶರ್ಟು ತೊಟ್ಟು, ತಲೆಗೆ ಟವೆಲ್ ಸುತ್ತಿ ಗುಂಡಿಗೆ ಇಳಿದಳು. ಸ್ಪ್ರಿಂಗಿನ ಬಿಗಿ, ಗೋಡೆಯ ಬಿಗಿ ಎಂದು ನಾನು ಉಸ್ತಾದರ ಪಾಠ ಒಪ್ಪಿಸುವುದರೊಳಗೆ ಅವಳು ಒಂದು ಸುತ್ತು ಮುಗಿಸಿದ್ದಳು. "ಬಂತು... ಬಂತು... ಬಿಡ್ತು" ಅನ್ನುತ್ತಿದ್ದಳು. ಪ್ರತಿ ವಾಲ್ವು ತೆರೆದು ಮುಚ್ಚುವುದನ್ನೂ ಅವಳು ಕೆಳಗಿನಿಂದ ಕಾಣದೆಯೇ ಹೇಳುತ್ತಿದ್ದಳು. ನಾನು ಮೇಲಿನಿಂದ ನೋಡುತ್ತಿದ್ದೆ, ಸರಿಯಾಗಿರುತ್ತಿತ್ತು. ಅಣ್ಣನಿಗಿಂತ ಚೆನ್ನಾಗಿ ತಿರುಗಿಸುತ್ತಿದ್ದಳು. ನನಗಿಂತಲೂ. ಇದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಗಿರಾಕಿಗಳಿಗೆ ಗೊತ್ತಿರಲಿಲ್ಲ. ಗಾಡಿ ಬಿಟ್ಟು ಹೋಗುತ್ತಿದ್ದರು, ಆದ ಮೇಲೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಯಾರಾದರೂ ಬರುವ ಹೊತ್ತಿಗೆ ಅವಳು ಡಬ್ಬಿ ತೊಳೆಯುತ್ತಾ ಇರುತ್ತಿದ್ದಳು. ನಾನು ಅಡಗಿಕೋ ಎಂದು ಹೇಳಿದ್ದಲ್ಲ. ಹೇಳಬೇಡಿ ಎಂದೂ ಅವಳು ಹೇಳಿದ್ದಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಒಬ್ಬ ವ್ಯಾನಿನವನು ಬಂದ. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿಗೆ ಜನರನ್ನು ಕರೆದೊಯ್ಯುವ ವ್ಯಾನು, ಅವನೇ ಮಾಲೀಕ, ಅವನೇ ಡ್ರೈವರು. ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಹೆಡ್ಡಿನ ಗ್ಯಾಸ್ಕೆಟ್ ಹೋಗಿತ್ತು. ಅವತ್ತು ಹೆಡ್ಡು ಕೂರಿಸಿದೆ, ರಾಕರ್ ಕೆಲಸ ಉಳಿಯಿತು. ಮಾರನೆಯ ದಿನ ಇವನು ಬೆಳಿಗ್ಗೆ ಹತ್ತಕ್ಕೇ ಬಂದು ಶೆಡ್ಡಿನಲ್ಲಿ ಕೂತ. ಸಂಜೆ ಆರಕ್ಕೆ ಟ್ರಿಪ್ ಇದೆ, ಗಾಡಿ ಎದುರಿಗೇ ಆಗಬೇಕು ಎಂದ. ಆಗಲಿ ಎಂದೆ. ಬೇಡ ಅಂದಿದ್ದರೆ ಆಗುತ್ತಿತ್ತು. ಅದೂ ನನ್ನ ಜಂಬವೇ. ನಮ್ಮ ಕೆಲಸ ನೋಡಲಿ ಬಿಡು ಅಂದುಕೊಂಡೆ.

ಹೆಂಡತಿ ಎಂದಿನಂತೆ ಖಾಕಿ ಶರ್ಟು ತೊಟ್ಟು ಬಂದಳು, ಗುಂಡಿಗೆ ಇಳಿದಳು. ಅವನು ಕುರ್ಚಿಯಿಂದ ಎದ್ದ.

"ಏನ್ ಗುರು, ಸ್ಟಾಫ್ ಕಮ್ಮಿನಾ? ಅಕ್ಕನ್ನೇ ಇಳಿಸ್ಬಿಟ್ಟಿದೀಯ."

ನಾನು ನಕ್ಕೆ. ಆ ನಗು ನೆನೆಸಿಕೊಂಡರೆ ಈಗ ನನ್ನ ಬಾಯಿಯನ್ನೇ ಹೊಲಿದುಬಿಡಬೇಕು ಅನ್ನಿಸುತ್ತದೆ.

"ಇವತ್ತೊಂದಿನ ಅಷ್ಟೆ," ಅಂದೆ. "ಕೆಲಸದವ್ನು ರಜಾ."

ನಮ್ಮ ಶೆಡ್ಡಿಗೆ ಕೆಲಸದವನೇ ಇರಲಿಲ್ಲ. ಗುಂಡಿಯಿಂದ ಸ್ಪ್ಯಾನರನ್ನು ನಟ್ಟಿಗೆ ಹಾಕಿದ ಸದ್ದು ಬಂತು.

ಅವನು ಫೋನು ತೆಗೆದು ವಿಡಿಯೊ ಮಾಡತೊಡಗಿದ. ಡ್ರೈವರುಗಳ ಗ್ರೂಪಿಗೆ ಹಾಕುತ್ತೇನೆ, ಮಜಾ ಇರುತ್ತೆ ಅಂದ. "ನೋಡ್ರಪ್ಪಾ, ಲೇಡಿ ಮೆಕ್ಯಾನಿಕ್. ನಮ್ ಗಾಡಿ ಕಥೆ ಇವತ್ತು ದೇವ್ರೇ ಗತಿ" ಎಂದು ಫೋನಿಗೆ ಹೇಳುತ್ತಾ ಗುಂಡಿಯೊಳಗೆ ಇಣುಕಿ, ಆಮೇಲೆ ನನ್ನ ಕಡೆ ತಿರುಗಿಸಿದ. ನಾನು ಆಗ ರಾಡುಗಳನ್ನು ಒಂದೊಂದಾಗಿ ಇಳಿಸುತ್ತಿದ್ದೆ. ರಾಡು ಇಳಿಸಿದ ಮೇಲೆ ಎರಡು ಬೆರಳಲ್ಲಿ ಹಿಡಿದು ಒಂಚೂರು ತಿರುವಬೇಕು. ಗುಳಿಯಲ್ಲಿ ಕೂತರೆ ಬುಡ ಹಿಡಿದಂತೆ ಆಗುತ್ತದೆ. ಆರು ರಾಡುಗಳನ್ನು ತಿರುವಿದೆ. ಏಳನೆಯದನ್ನು ಇಳಿಸುವಾಗ ಫೋನು ನನ್ನ ಮೇಲಿತ್ತು, ನಾನು ಹೊಟ್ಟೆಯನ್ನು ಒಳಗೆ ಎಳೆದುಕೊಂಡು ನಿಂತಿದ್ದೆ. ತಿರುವಲಿಲ್ಲ. ನಲವತ್ತಾರು ವರ್ಷದ ಗಂಡಸು, ಯಾರೂ ನೋಡದೆ ಇರುವ ಹೊಟ್ಟೆಗಾಗಿ.

ಎಂಟೂ ರಾಕರ್ ಪೋಣಿಸಿದ ಶಾಫ್ಟ್ ಕೂರಿಸಿ ನಡುವಿನಿಂದ ಬಿಗಿಯುತ್ತಾ ಹೋದೆ. ಅವಳು ತಿರುಗಿಸುತ್ತಾ ಬಂದಳು. ಅವತ್ತು "ಬಂತು, ಬಿಡ್ತು" ಇರಲಿಲ್ಲ. ಅರ್ಧ ಸುತ್ತು ಆಗಿರಬಹುದು, ಕೈ ನಿಲ್ಲಿಸಿದಳು.

"ರೀ. ಇಲ್ಲಿ ನಿಲ್ತು."

"ಸ್ಪ್ರಿಂಗು. ಎಳಿ," ಅಂದೆ.

"ಸ್ಪ್ರಿಂಗಲ್ಲ. ಗೋಡೆ."

ವ್ಯಾನಿನವನು ನಕ್ಕ. "ಗೋಡೆನಾ? ಮನೆ ಕಟ್ತಿದೀರಾ ಅಕ್ಕಾ ಕೆಳಗೆ?"

"ರೀ, ಬಿಚ್ಚಿ ನೋಡಿ ಒಂದ್ಸಲ," ಅಂದಳು. ಎರಡು ವರ್ಷದಲ್ಲಿ ಅವಳು ಹೀಗೆ ನಾಲ್ಕು ಸಲವೋ ಐದು ಸಲವೋ ಹೇಳಿದ್ದಳು. ನಾನು ಪ್ರತಿ ಸಲವೂ ಬಿಚ್ಚಿದ್ದೆ, ಪ್ರತಿ ಸಲವೂ ಏನಾದರೊಂದು ಇತ್ತು. ಅಷ್ಟು ಗೊತ್ತಿದ್ದೂ ನಾನು ಅವನ ಫೋನಿನ ಮುಂದೆ, ಹೆಂಡತಿ ಹೇಳಿದಳು ಎಂದು ಬಿಗಿದದ್ದನ್ನು ಬಿಚ್ಚಲು ಒಪ್ಪಲಿಲ್ಲ. "ಶಕ್ತಿ ಸಾಲ್ತಿಲ್ಲ ನಿಂಗೆ, ಬಾ ಆಚೆ" ಅಂದೆ. ಅವಳು ಮೇಲೆ ಬಂದಳು. ನಾನು ಇಳಿದು, ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ತೊಡಿಸಿ ಎಳೆದೆ.

ಗೋಡೆಯೇ ಇತ್ತು. ನನ್ನ ಕೈಗೂ ಗೊತ್ತಾಯಿತು. ಗೊತ್ತಾದ ಮೇಲೂ ಎಳೆದೆ. ಇದನ್ನು ಬರೆಯಬೇಕು ಎಂದೇ ಈ ಇಡೀ ಕಥೆ ಬರೆಯುತ್ತಿದ್ದೇನೆ. ತಿಳಿಯದೆ ಎಳೆದದ್ದಲ್ಲ.

ಟಕ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಸ್ಪ್ಯಾನರ್ ಹಗುರಾಗಿ ತಿರುಗಿತು.

ಮೇಲೆ ಬಂದು ಬಿಚ್ಚಿದೆ. ಏಳನೆಯ ರಾಡು ನಡುವಿನಲ್ಲಿ ಬಾಳೆಕಾಯಿಯ ಹಾಗೆ ಬಾಗಿತ್ತು. ಪುಣ್ಯಕ್ಕೆ ವಾಲ್ವಿಗೆ ಏನೂ ಆಗಿರಲಿಲ್ಲ. ವ್ಯಾನಿನವನು ರಾಡು ನೋಡಿದ, ಗಡಿಯಾರ ನೋಡಿದ, ನನ್ನ ಹೆಂಡತಿಯನ್ನು ನೋಡಿದ.

"ಇದಕ್ಕೇ ನಾನ್ ಹೇಳಿದ್ದು ಗುರು. ಹೆಂಗಸ್ರ ಕೈಗೆ ಕೊಟ್ರೆ ಹಿಂಗೇ ಆಗೋದು."

ಅವಳು ನನ್ನ ಕಡೆ ನೋಡಿದಳು. ಪೈಪು ಇನ್ನೂ ನನ್ನ ಕೈಯಲ್ಲೇ ಇತ್ತು. ನಾನು "ಶಿವಾಜಿನಗರಕ್ಕೆ ಹೋಗಿ ರಾಡ್ ತರ್ತೀನಿ" ಎಂದು ಸ್ಕೂಟರು ಹತ್ತಿದೆ.

ದಾರಿಯುದ್ದಕ್ಕೂ ಸಿಟ್ಟು. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬಸ್ಸಿನ ಮೇಲೆ ಸಿಟ್ಟು. ಅಗೆದ ರಸ್ತೆಯ ಮೇಲೆ, ಅಗೆದವರ ಮೇಲೆ ಸಿಟ್ಟು. ಹಲಸೂರಿನ ಸಿಗ್ನಲ್ಲಿನಲ್ಲಿ ಹಿಂದಿನಿಂದ ಹಾರ್ನ್ ಹೊಡೆದ ಒಬ್ಬನನ್ನು ಅವನ ಅಜ್ಜನ ತನಕ ಬೈದೆ. ವ್ಯಾನಿನವನನ್ನು ಇಂದಿರಾನಗರ ಬರುವಷ್ಟರಲ್ಲೇ ಬೈದು ಮುಗಿಸಿದ್ದೆ. ಕೊನೆಗೆ ಅವಳ ಮೇಲೂ ಸಿಟ್ಟು ಬಂತು. ಅಲ್ಲೇ ಬಾಯಿಬಿಟ್ಟು ಹೇಳಬಾರದಿತ್ತೇ, ನಾನಲ್ಲ ಇವರು ಎಳೆದದ್ದು ಎಂದು? ಹಾಗೆ ಹೇಳಿದ್ದರೆ ನಾನು ಅವಳ ಮೇಲೆ ಕೂಗಾಡಿ ಹಗುರಾಗಬಹುದಿತ್ತು. ಅಷ್ಟು ಸಹಾಯವನ್ನೂ ಅವಳು ಮಾಡಲಿಲ್ಲ.

ರಾಡನ್ನು ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಹಾಕಿದ್ದೆ. ಗಲ್ಲಿಯಲ್ಲಿ ನಡೆಯಲಿಲ್ಲ, ಸ್ಕೂಟರನ್ನು ಅಂಗಡಿಯ ಮೆಟ್ಟಿಲ ತನಕ ತಂದೆ. ಬಿಡಿಭಾಗದ ಅಂಗಡಿಯ ಯಜಮಾನರಿಗೆ ಈಗ ಎಪ್ಪತ್ತು ದಾಟಿದೆ. ತಮಿಳರು, ಉಸ್ತಾದರ ಸ್ನೇಹಿತರು. ರಾಡನ್ನು ಗಾಜಿನ ಮೇಲೆ ಉರುಳಿಸಿದರು. ಅದು ಕುಂಟುತ್ತಾ ಉರುಳಿ ನಿಂತಿತು.

"ಯಾರು ತಂಬಿ ಬಾಗ್ಸಿದ್ದು?"

"ಕೆಲಸದವ್ನು," ಅಂದೆ.

"ಹೊಸಬನಾ?"

"ಹೂಂ."

ಅವರು ಮತ್ತೊಮ್ಮೆ ಉರುಳಿಸಿದರು. ಕನ್ನಡಕ ಮೇಲೆತ್ತಿ ಬಾಗಿದ ಜಾಗಕ್ಕೆ ಉಗುರು ಆನಿಸಿದರು. "ಪೈಪ್ ಹಾಕಿ ಎಳ್ದಿದಾನೆ. ಬರೀ ಕೈಲಿ ಇಷ್ಟು ಬಾಗಲ್ಲ. ಹೊಸಬ್ರು ಪೈಪ್ ಹಾಕಲ್ಲ ತಂಬಿ, ಹೆದರ್ತಾರೆ. ಎಲ್ಲಾ ಗೊತ್ತು ಅನ್ನೋನೇ ಪೈಪ್ ಹಾಕೋದು." ಹೊಸ ರಾಡು ತಂದು ಕಾಗದದಲ್ಲಿ ಸುತ್ತಿದರು. "ಅವನ್ನೇ ಕಳಿಸ್ಬೇಕಿತ್ತು. ನೀನ್ಯಾಕೆ ತಂದೆ? ಉಸ್ತಾದ್ ಇದ್ದಿದ್ರೆ ಬಿಡ್ತಿದ್ನಾ?"

ಹಳೆಯ ರಾಡನ್ನೂ ವಾಪಸ್ ತೆಗೆದುಕೊಂಡೆ.

ಶೆಡ್ಡಿಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಖಾಕಿ ಶರ್ಟು ಮೊಳೆಗೆ ನೇತಾಡುತ್ತಿತ್ತು. ಸ್ಪ್ಯಾನರನ್ನು ಒರೆಸಿ ಬೆಂಚಿನ ಮೇಲಿಟ್ಟಿದ್ದಳು. ಅವಳು ಹೊರಗೆ ಕಲ್ಲಿನ ಮೇಲೆ ಕೂತಿದ್ದಳು.

"ಬಾ," ಅಂದೆ.

"ನಾನ್ ಬರಲ್ಲ."

"ಆರಕ್ಕೆ ಗಾಡಿ ಹೋಗ್ಬೇಕು."

"ಇವತ್ತೊಂದಿನ ತಾನೇ ನಾನು. ಮುಗೀತು."

ವ್ಯಾನಿನವನು ಮಧ್ಯೆ ಬಂದ. "ಬಿಡು ಗುರು, ನಾನೇ ತಿರುಗಿಸ್ತೀನಿ. ಏನ್ ಮಹಾ."

"ನೀನು ಆ ಕುರ್ಚೀಲಿ ಕೂತ್ಕೋ," ಅಂದೆ. ನನ್ನ ದನಿ ಹೇಗಿತ್ತೋ ಏನೋ, ಕೂತ. ಆಗಲೇ ಅವನಿಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮೇಲೆ ಹತ್ತಿ ಬಿಗಿದೆ, ಕೆಳಗೆ ಇಳಿದು ತಿರುಗಿಸಿದೆ, ಮೇಲೆ, ಕೆಳಗೆ. ಎಷ್ಟು ಸಲ ಎಂದು ಲೆಕ್ಕವಿಡಲಿಲ್ಲ. ಮೊಣಕಾಲು ಲೆಕ್ಕವಿಟ್ಟುಕೊಂಡಿತು. ಆರಕ್ಕೆ ಹದಿನೈದು ನಿಮಿಷವಿದ್ದಾಗ ಇಂಜಿನ್ನು ಹೊತ್ತಿತು, ಸದ್ದು ಶುದ್ಧವಾಗಿತ್ತು. ಅವನು ಗಾಡಿ ಹತ್ತಿ, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ, ಅಡುಗೆ ಮನೆ ಗೊತ್ತಿದ್ರೆ ಸಾಕು ನಿಮ್ಗೆ" ಎಂದು ಕಿಟಕಿಯಿಂದ ಕೂಗಿ ಹೋದ. ಅವನು ಅದನ್ನು ಒಳ್ಳೆಯ ಮಾತು ಅಂದುಕೊಂಡೇ ಆಡಿದ್ದು. ಸಿಟ್ಟು ಬರುವುದು ಅದಕ್ಕೇ.

ವಿಡಿಯೊ ಗ್ರೂಪಿಗೆ ಹೋಯಿತು. ಮಾರನೆಯ ದಿನದಿಂದ ಡ್ರೈವರುಗಳು ಕೇಳತೊಡಗಿದರು, "ಏನ್ ಗುರು, ಅಕ್ಕ ರಾಡ್ ಬಾಗಿಸಿದ್ರಂತೆ?" ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಶೆಡ್ಡಿಗೆ ಬರುವುದು ನಿಲ್ಲಿಸಿದಳು. ಡಬ್ಬಿಯನ್ನು ನಾನೇ ಬೆಳಿಗ್ಗೆ ಒಯ್ಯುತ್ತಿದ್ದೆ. ಒಂದು ಇಂಜಿನ್ನು ಒಂದೂವರೆ ದಿನ ಹಿಡಿಯತೊಡಗಿತು. ಮನೆಯಲ್ಲಿ ಜಗಳವೇ ಇರಲಿಲ್ಲ. ಮುದ್ದೆ ಬಿಸಿಯಾಗಿರುತ್ತಿತ್ತು, ಸಾರಿಗೆ ಉಪ್ಪು ಸರಿಯಾಗಿರುತ್ತಿತ್ತು. ನನಗೆ ಬೇಕಾಗಿದ್ದದ್ದು ಜಗಳ.

ಹತ್ತನೆಯ ದಿನ ನಾನೇ ಮಾತು ತೆಗೆದೆ.

"ಎಷ್ಟು ದಿನ ಹಿಂಗೆ?"

"ಹೆಂಗೆ?"

"ಗೊತ್ತಿಲ್ವಾ ನಿಂಗೆ? ತಪ್ಪಾಯ್ತು ನಂದು. ನಾನೇ ಎಳ್ದಿದ್ದು. ಸಾಕಾ?"

ಅವಳು ಅಕ್ಕಿ ಆರಿಸುತ್ತಿದ್ದಳು. ಕಣ್ಣು ಗೋಡೆಯ ಮೇಲೆ, ಬೆರಳು ಮೊರದಲ್ಲಿ. ಒಂದು ಕಲ್ಲನ್ನು ನೋಡದೆಯೇ ತೆಗೆದು ಆಚೆ ಹಾಕಿದಳು.

"ನಂಗೆ ಯಾಕ್ ಹೇಳ್ತೀರಾ? ನಾನು ಅಲ್ಲೇ ಇದ್ನಲ್ಲ, ನಂಗೆ ಗೊತ್ತು. ಗೊತ್ತಿಲ್ದೋರಿಗೆ ಹೇಳಿ." ಮತ್ತೊಂದು ಕಲ್ಲು. "ಫ್ಯಾಕ್ಟರೀಲಿ ಹದಿನಾಲ್ಕು ವರ್ಷ ಒಂದು ಪೀಸೂ ನನ್ ಟೇಬಲ್ ದಾಟಿ ತಪ್ಪಾಗಿ ಹೋಗಿಲ್ಲ ರೀ. ಸೂಪರ್‌ವೈಸರ್ ಬೈದಿದಾನೆ, ಬಾಯಿಗೆ ಬಂದಂಗೆ ಬೈದಿದಾನೆ. ಆದ್ರೆ ನಿನ್ ಕೈ ಸರಿಯಿಲ್ಲ ಅಂತ ಅವ್ನೂ ಹೇಳಿಲ್ಲ. ಈಗ ಯಾರ್ಯಾರೋ ಹೇಳ್ತವ್ರೆ. ನೀವು ಕೇಳಿಸ್ಕೊಂಡು ಸುಮ್ನಿದೀರ."

ನನಗೆ ಸಿಟ್ಟು ನೆತ್ತಿಗೇರಿತು. ಉತ್ತರವಿಲ್ಲದಾಗ ನನಗೆ ಸಿಟ್ಟೇ ಬರುವುದು. ಚಪ್ಪಲಿ ಮೆಟ್ಟಿ ಶೆಡ್ಡಿಗೆ ಹೋದೆ. ಬಾಗಿದ ರಾಡು ಡ್ರಾಯರಿನಲ್ಲಿ ಚಿಂದಿಬಟ್ಟೆಯ ಕೆಳಗಿತ್ತು. ನಾನೇ ಹಾಕಿ ಮರೆಮಾಡಿದ್ದು. ಹಿರಿಯರು ಕೇಳಿದ್ದಕ್ಕೆ ಸುಳ್ಳು ಹೇಳಿ, ಸತ್ತವರು ಹಾಕಿಕೊಟ್ಟ ಕಟ್ಟಳೆಯನ್ನು ಡಿಕ್ಕಿಯಲ್ಲಿ ಮುಚ್ಚಿ ತಂದವನು ನಾನು. ಕೈಕೆಲಸದವನಿಗೆ ಕೈ ಒಂದೇ ಮರ್ಯಾದೆ, ಓದಿದವರಿಗಾದರೆ ಇನ್ನೂ ಹತ್ತು ಇರುತ್ತವೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ. ಅವಳಿಗೆ ಇದ್ದದ್ದೂ ಅದೊಂದೇ. ಅದನ್ನು ನನ್ನ ಹೊಟ್ಟೆ ಕಾಣಬಾರದೆಂದು ಕೊಟ್ಟುಬಿಟ್ಟಿದ್ದೆ.

ಸಂಜೆ ಐದಕ್ಕೆ ಟೆಕ್ ಪಾರ್ಕಿನ ಗೇಟಿನ ಹತ್ತಿರ ವ್ಯಾನುಗಳು ಸಾಲಾಗಿ ನಿಲ್ಲುತ್ತವೆ. ಡ್ರೈವರುಗಳು ಟೀ ಗಾಡಿಯ ಸುತ್ತ ಇರುತ್ತಾರೆ. ಸ್ಕೂಟರನ್ನು ದೂರದಲ್ಲಿ, ಸಿಗ್ನಲ್ಲಿನ ಹತ್ತಿರವೇ ನಿಲ್ಲಿಸಿದೆ. ರಾಡನ್ನು ಕೈಯಲ್ಲಿ ಹಿಡಿದೆ. ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗ ಹುಡುಗಿಯರು ಎದುರಿನಿಂದ ಬರುತ್ತಿದ್ದರು. ಹೊಡೆಯಲು ಹೊರಟಿದ್ದಾನೆ ಅಂದುಕೊಂಡು ಒಬ್ಬಳು ಪಕ್ಕಕ್ಕೆ ಸರಿದಳು. ಒಂದು ಕಡ್ಡಿ ಅಷ್ಟು ಭಾರವಿರುತ್ತದೆಂದು ನನಗೆ ಮರೆತುಹೋಗಿತ್ತು.

ವ್ಯಾನಿನವನು ಮೊದಲು ನೋಡಿದ. "ಏನ್ ಗುರು, ಇಲ್ಲಿ?"

"ನಿನ್ ಗಾಡಿ ರಾಡು," ಎಂದು ಟೀ ಗಾಡಿಯ ಹಲಗೆಯ ಮೇಲಿಟ್ಟೆ. ಎಲ್ಲರೂ ಬಗ್ಗಿ ನೋಡಿದರು. "ಇದನ್ನ ಬಾಗಿಸಿದ್ದು ನಾನು. ನನ್ ಹೆಂಡ್ತಿ ಅಲ್ಲ. ಅವಳು ನಿಲ್ಲಿಸಿ, ಬಿಚ್ಚಿ ನೋಡಿ ಅಂದ್ಲು. ನಾನು ಕೇಳ್ದೆ ಪೈಪ್ ಹಾಕಿ ಎಳ್ದೆ. ರಾಡು ಸರಿಯಾಗಿ ಕೂರಿಸದೆ ಇದ್ದಿದ್ದೂ ನಾನೇ. ಇನ್ನೊಂದು, ಕೆಲಸದವ್ನು ಅಂತ ನಮ್ ಶೆಡ್ಡಲ್ಲಿ ಯಾರೂ ಇಲ್ಲ. ಎರಡು ವರ್ಷದಿಂದ ನಿಮ್ ಗಾಡಿ ಇಂಜಿನ್ ಎಲ್ಲಾ ತಿರುಗಿಸಿರೋದು ಅವಳೇ. ನಿಂದು, ನಿಂದು, ಆ ನೀಲಿ ವ್ಯಾನ್ ಯಾರ್ದು, ಅದೂನೂ."

ಯಾರೋ ಒಬ್ಬ ಲೋಟ ಕೆಳಗಿಟ್ಟ. ನೀಲಿ ವ್ಯಾನಿನವನು, "ಅದಕ್ಕೇ ಅನ್ಸುತ್ತೆ, ಇಷ್ಟು ದಿನ ಸರಿಯಾಗಿ ಓಡ್ತಿದೆ" ಅಂದ. ಎಲ್ಲರೂ ನಕ್ಕರು.

ವಿಡಿಯೊ ಮಾಡಿದವನು ನಗುತ್ತಲೇ, "ಆಯ್ತು ಬಿಡು ಗುರು, ಸಣ್ ವಿಷ್ಯ. ಟೀ ಕುಡಿ" ಅಂದ.

"ಸಣ್ ವಿಷ್ಯ ಆಗಿದ್ರೆ ಗ್ರೂಪಿಗೆ ಯಾಕ್ ಹಾಕ್ದೆ?"

"ತಮಾಷೆಗೆ."

"ಇದನ್ನೂ ತಮಾಷೆಗೇ ಹಾಕು."

"ಹಾಕ್ತೀನಿ, ಹಾಕ್ತೀನಿ," ಅಂದ. ಫೋನು ಜೇಬಿನಿಂದ ಆಚೆ ಬರಲಿಲ್ಲ. ಅಕ್ಕನನ್ನು ಆಡಿಕೊಳ್ಳಲು ಒಂದೇ ಏಟಿಗೆ ಆಚೆ ಬಂದ ಫೋನು. ನಾನು ಟೀ ಕುಡಿಯಲಿಲ್ಲ. ರಾಡು ತೆಗೆದುಕೊಂಡು, ಬಂದ ದಾರಿಯಲ್ಲೇ, ಕೈಯಲ್ಲೇ ಹಿಡಿದು ನಡೆದೆ.

ಮನೆಗೆ ಬಂದು ರಾಡನ್ನು ಅವಳ ಎದುರಿಗಿಟ್ಟೆ. "ಹೇಳ್ಬಂದೆ," ಅಂದೆ.

"ಯಾರಿಗೆ?"

"ಡ್ರೈವರುಗಳಿಗೆ. ಗೇಟಲ್ಲಿ."

"ಎಷ್ಟು ಜನ ಇದ್ರು?"

"ಒಂಬತ್ತು."

ಅವಳು ರಾಡನ್ನು ಎತ್ತಿಕೊಂಡಳು. ಹೆಬ್ಬೆರಳನ್ನು ಅದರುದ್ದಕ್ಕೂ ಓಡಿಸಿ, ಬಾಗಿದ ಜಾಗದಲ್ಲಿ ನಿಲ್ಲಿಸಿದಳು.

"ಗ್ರೂಪಲ್ಲಿ ನಲವತ್ತೆರಡು ಜನ ಅವ್ರಂತೆ," ಅಂದಳು. ಯಾರಿಂದ ತಿಳಿದುಕೊಂಡಳೋ, ನಾನು ಕೇಳಲಿಲ್ಲ.

ಮಾರನೆಯ ಸಂಜೆ ಮತ್ತೆ ಹೋದೆ. ಅದರ ಮಾರನೆಯ ದಿನ ಬೆಳಗಿನ ಪಾಳಿಯವರು ಸಿಗುತ್ತಾರೆಂದು ಆರು ಗಂಟೆಗೇ ಹೋದೆ. ಕೆಲವರು ನನ್ನನ್ನು ಕಂಡರೆ "ಬಂದ ನೋಡು ರಾಡ್ ಗುರು" ಅನ್ನುತ್ತಿದ್ದರು. ಅನ್ನಲಿ. ಒಂದು ಬೆಳಿಗ್ಗೆ ಶಿವಾಜಿನಗರಕ್ಕೂ ಹೋದೆ, ಗಲ್ಲಿಯ ತುದಿಯಲ್ಲೇ ಇಳಿದು ನಡೆದೆ. ಅಂಗಡಿಯ ಯಜಮಾನರು ನನ್ನ ಕೈ ನೋಡಿ, "ಗೊತ್ತಿತ್ತು ತಂಬಿ" ಎಂದಷ್ಟೇ ಹೇಳಿ ಬೇರೆ ಗಿರಾಕಿಯ ಕಡೆ ತಿರುಗಿದರು.

ಮೂವತ್ತೊಂಬತ್ತು ಜನ ಆದರು. ಉಳಿದ ಮೂವರಲ್ಲಿ ಇಬ್ಬರು ಗಾಡಿ ಮಾರಿ ಊರಿಗೆ ಹೋಗಿದ್ದಾರೆ. ಒಬ್ಬ ಎಲ್ಲಿದ್ದಾನೋ ತಿಳಿಯದು. ಅಷ್ಟನ್ನೂ ಅವಳಿಗೆ ಒಪ್ಪಿಸಿದೆ. ಸೋಮವಾರ ಅವಳು ಶೆಡ್ಡಿಗೆ ಬಂದು, ಮೊಳೆಯಿಂದ ಶರ್ಟು ತೆಗೆದು ಕೊಡವಿ, ಗುಂಡಿಗೆ ಇಳಿದಳು. ಎದುರಿಗೆ ಗಿರಾಕಿ ಕೂತಿದ್ದ. ನಾನು ಬೇಕೆಂದೇ ಕೂರಿಸಿಕೊಂಡಿದ್ದೆ.

"ಇವ್ರು ತಿರುಗಿಸ್ತಾರಾ?" ಎಂದು ಅವನು ಕೇಳಿದ.

"ಇವಳೇ ತಿರುಗಿಸೋದು," ಅಂದೆ.

ಎರಡನೆಯ ಸುತ್ತಿನಲ್ಲಿ ಅವಳ ಕೈ ನಿಂತಿತು. "ರೀ, ಗೋಡೆ," ಅಂದಳು. ನಾನು ಬಿಚ್ಚಿದೆ. ಎಂಟೂ ರಾಡು ತೆಗೆದು, ಬೆಳಕಿಗೆ ಹಿಡಿದು, ಮತ್ತೆ ಇಳಿಸಿ, ಒಂದೊಂದನ್ನೂ ತಿರುವಿ ನೋಡಿದೆ. ಎಲ್ಲವೂ ಸರಿಯಾಗಿದ್ದವು. ಯಾವುದರಲ್ಲೂ ಏನೂ ಇರಲಿಲ್ಲ.

ಗುಂಡಿಯೊಳಗೆ ಬಗ್ಗಿ ನೋಡಿದೆ. ಅವಳು ಸ್ಪ್ಯಾನರಿನ ಮೇಲೆ ಕೈಯಿಟ್ಟು ಆರಾಮವಾಗಿ ನಿಂತಿದ್ದಳು.

"ಬಿಚ್ಚಿದ್ರಾ?" ಅಂದಳು.

"ಬಿಚ್ದೆ."

"ಸರಿ. ಬಿಗೀರಿ ಈಗ."

ಅರ್ಧ ಗಂಟೆಯ ಕೆಲಸ ದಂಡ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿ ಮುಚ್ಚಿಕೊಂಡು ಬಿಗಿದೆ.